ಗೆರೆ ಮೂಡುವ ತನಕ

ನಮ್ಮಪ್ಪನ ಬಲಗಾಲಿನ ಕಿರುಬೆರಳು ಸತ್ತುಹೋಗಿದೆ ಎಂದು ಡಾಕ್ಟರು ಹೇಳಿದ ಹೊತ್ತಿನಲ್ಲಿ ಅಪ್ಪ ಆ ಬೆರಳನ್ನೇ ನೋಡುತ್ತಾ ಕೂತಿದ್ದ. ಚಿತ್ರದುರ್ಗದ ಆಸ್ಪತ್ರೆಯೊಂದರ ಕೋಣೆ. ಸ್ಟೂಲಿನ ಮೇಲೆ ಅವನ ಕಾಲು, ಕಾಲಿನ ತುದಿಯಲ್ಲಿ ಹಳೇ ಹುಣಸೆಹಣ್ಣಿನಂತೆ ಕಪ್ಪಗೆ ಸುಕ್ಕಾದ ಬೆರಳು. ಕುರಿ ಕಾಯ್ದುಕೊಂಡೇ ಮುದುಕನಾದ ಮನುಷ್ಯ ಅವನು. ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ಇನ್ನೊಬ್ಬರಿಂದ ಹೇಳಿಸಿಕೊಂಡು ಅವನಿಗೆ ಅಭ್ಯಾಸವಿಲ್ಲ.

“ಬೆರಳು ಸತ್ತೈತೆ ಅಂತೀರಿ. ನಾನು ಬದುಕಿದ್ದೀನಿ,” ಅಂದ. “ಹಂಗಾರೆ ಇದು ಈಗ ಯಾರ್ದು?”

ಡಾಕ್ಟರು ನನಗಿಂತ ಚಿಕ್ಕವರು, ಸಮಾಧಾನದ ಹೆಣ್ಣುಮಗಳು. ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದರು. ನಾನು ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಕ್ಕಳು ಕೇಳದ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿರುವವಳು ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ. ಅಪ್ಪನ ಈ ಪ್ರಶ್ನೆಗೆ ಮಾತ್ರ ನಾನು ತಿರುಗಿ ಡಾಕ್ಟರ ಮುಖವನ್ನೇ ನೋಡಿದೆ. ಪಕ್ಕದಲ್ಲಿ ನಿಂತಿದ್ದ ಅಮ್ಮ, “ಸುಮ್ಕಿರು, ಅವ್ರು ಹೇಳೋದು ಕೇಳಾಣ,” ಎಂದು ಅವನ ತೋಳು ತಟ್ಟಿದಳು.

ಡಾಕ್ಟರು ಬಳಸಿದ ಪದ ನೆಕ್ರೋಸಿಸ್. ಒಂದು ಜಾಗಕ್ಕೆ ರಕ್ತ ಹೋಗುವುದು ನಿಂತರೆ ಅಲ್ಲಿನ ಜೀವಕೋಶಗಳಿಗೆ ಉಸಿರೂ ಇಲ್ಲ, ಊಟವೂ ಇಲ್ಲ, ಅವು ಸಾಯುತ್ತವೆ. ಮನುಷ್ಯ ಬದುಕಿರುವಾಗಲೇ ಅವನ ಮೈಯ ಒಂದು ತುಂಡು ಸಾಯುವುದಕ್ಕೆ ಆ ಹೆಸರು. ಆ ಸಾವು ಒಂದು ಬೆರಳಿನಷ್ಟೋ ಪಾದದಷ್ಟೋ ದೊಡ್ಡದಾಗಿ ಕಣ್ಣಿಗೆ ಕಂಡರೆ ಅದು ಗ್ಯಾಂಗ್ರೀನ್. ಅದರಲ್ಲೂ ಒಣದು ಬೇರೆ, ಹಸಿಯದು ಬೇರೆ. ಒಣದು ಕಪ್ಪಾಗಿ ಮುರುಟಿಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಹಸಿಯದರಲ್ಲಿ ಕೀವು ಸೇರಿರುತ್ತದೆ, ಅದು ಒಂದು ಕಡೆ ನಿಲ್ಲುವುದಿಲ್ಲ. ಅಪ್ಪನದು ಒಣದು ಎಂದು ಅವರು ಹೇಳಿದಾಗ ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿಯಾಯಿತು.

“ಈಗ ಕತ್ತರಿಸೋದು ಬೇಡ,” ಅಂದರು ಅವರು. “ಕತ್ತರಿಸಿದ ಗಾಯ ಮಾಯುವಷ್ಟು ರಕ್ತ ಇವರ ಪಾದಕ್ಕೆ ಬರ್ತಿಲ್ಲ. ಕಾಯೋಣ. ಸತ್ತದ್ದಕ್ಕೂ ಬದುಕಿರೋದಕ್ಕೂ ನಡುವೆ ದೇಹವೇ ಒಂದು ಗೆರೆ ಹಾಕಿಕೊಳ್ಳುತ್ತೆ. ಗೆರೆ ಚೆನ್ನಾಗಿ ಮೂಡಿದ ಮೇಲೆ ಬೆರಳು ತಾನಾಗಿಯೇ ಉದುರಬಹುದು, ಇಲ್ಲದಿದ್ದರೆ ಅಷ್ಟನ್ನೇ ನಾವು ತೆಗೀಬಹುದು. ಪಾದ ಉಳಿಯುತ್ತೆ. ಒಣಗಿರೋ ಹಾಗೆ ನೋಡಿಕೊಳ್ಳಿ, ಅಷ್ಟೇ. ಒದ್ದೆಯಾದರೆ, ವಾಸನೆ ಬಂದರೆ, ಜ್ವರ ಬಂದರೆ ಅವತ್ತೇ ಬನ್ನಿ. ಆಮೇಲೆ ಅದು ಬೆರಳಿನ ಮಾತಲ್ಲ, ಕಾಲಿನ ಮಾತು.”

ಅಷ್ಟು ಮಾತಿನಲ್ಲಿ ಅಪ್ಪ ಕಿವಿಗೆ ಹಾಕಿಕೊಂಡದ್ದು ಒಂದನ್ನೇ. “ತಾನಾಗೇ ಉದುರ್ತೈತಾ?” ಎಂದು ಕೇಳಿದ. ಉದುರಬಹುದು ಎಂದರು. ಅವನ ಮುಖ ತಿಳಿಯಾಯಿತು. ಅಮ್ಮನ ಕಡೆ ತಿರುಗಿ ತಲೆಯಾಡಿಸಿದ, ಅವಳೂ ಆಡಿಸಿದಳು. ಎಷ್ಟು ಧೈರ್ಯ ಇವರಿಬ್ಬರಿಗೆ ಎಂದುಕೊಂಡೆ ನಾನು.

ಇದೆಲ್ಲ ಶುರುವಾದದ್ದು ಒಂದು ಜಾಲಿಮುಳ್ಳಿನಿಂದ. ನಮ್ಮೂರು ಮಾರಿಕಣಿವೆಯ ಹಿನ್ನೀರಿಗೆ ಹತ್ತಿರದ ಒಂದು ಹಟ್ಟಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಡದಲ್ಲಿ ಬರುವ ಗರಿಕೆಗೆ ಕುರಿಗಳನ್ನು ಹೊಡೆದುಕೊಂಡು ಹೋಗುತ್ತಾರೆ. ಟೈರಿನ ಅಟ್ಟೆ ಹಾಕಿಸಿದ ಅಪ್ಪನ ಮೆಟ್ಟನ್ನೂ ತೂರಿಕೊಂಡು ಮುಳ್ಳು ಒಳಗೆ ಹೋಗಿತ್ತು. ಹೋಗಿ ಅಲ್ಲೇ ಎಷ್ಟು ದಿನ ಇತ್ತೋ ಅವನಿಗೇ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಅವನ ಪಾದಗಳ ಅರಿವನ್ನು ಯಾವತ್ತೋ ತಿಂದುಹಾಕಿತ್ತು. ಆದರೆ ನಮ್ಮ ಮನೆಯಲ್ಲಿ ಅದನ್ನು ಕಾಯಿಲೆ ಎಂದು ಯಾರೂ ಅಂದುಕೊಂಡಿರಲಿಲ್ಲ. “ನನ್ನ ಕಾಲು ಕಲ್ಲಾಗ್ಯಾವೆ ನೋಡ್ರಿ,” ಎಂದು ಅಪ್ಪ ಬಂದವರ ಮುಂದೆ ಅಂಗಾಲು ಎತ್ತಿ ತೋರಿಸುತ್ತಿದ್ದ, ನಾವು ಹೆಮ್ಮೆಪಡುತ್ತಿದ್ದೆವು. ಒಮ್ಮೆ ಒಲೆಯಿಂದ ಸಿಡಿದ ಕೆಂಡದ ಮೇಲೆ ಕಾಲಿಟ್ಟುಕೊಂಡೇ ಮಾತಾಡುತ್ತಾ ಕೂತಿದ್ದ, ಅಮ್ಮ ಕಿರುಚಿದ ಮೇಲೆ ಎತ್ತಿದ. ಆ ಕಥೆಯನ್ನು ಅವನು ಹಿರಿಯೂರು ಸಂತೆಯವರೆಗೂ ಹೇಳಿಕೊಂಡು ಬಂದಿದ್ದಾನೆ.

ಆಸ್ಪತ್ರೆಯಿಂದ ಅವನನ್ನು ಹಟ್ಟಿಗೆ ಕಳಿಸದೆ ಹೊಸದುರ್ಗದ ನಮ್ಮ ಮನೆಗೆ ಕರೆತಂದೆ, ಅಮ್ಮನೂ ಜೊತೆಗೆ ಬಂದಳು. ಹಟ್ಟಿಯಲ್ಲಿ ಒಣಗಿರೋ ಹಾಗೆ ನೋಡಿಕೊಳ್ಳುವುದು ಆಗದ ಮಾತು. ಅಲ್ಲಿ ಅವನು ಒಂದು ಗಳಿಗೆ ಕೂರುವ ಪೈಕಿಯಲ್ಲ. ಕುರಿಗಳನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಅಣ್ಣ ನೋಡಿಕೊಳ್ಳುವುದು ಎಂದರೆ ಅಪ್ಪನ ಲೆಕ್ಕದಲ್ಲಿ ಯಾರೂ ನೋಡಿಕೊಳ್ಳದೆ ಇದ್ದಂತೆ. ಮಳೆಗೆ ಮುಂಚೆ ತೆಂಗಿನ ತೋಟವೊಂದರಲ್ಲಿ ಮಂದೆ ಬಿಡುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ರಾತ್ರಿಯೆಲ್ಲ ಕುರಿಗಳನ್ನು ತೋಟದಲ್ಲಿ ತರುಬಿದರೆ ಭೂಮಿಗೆ ಗೊಬ್ಬರ. ಅಲ್ಲಿಗೆ ಹೋಗಲೇಬೇಕು, ಅಣ್ಣ ಬೇಲಿ ಬಲೆ ಸರಿಯಾಗಿ ಕಟ್ಟುವುದಿಲ್ಲ, ನಾಯಿ ನುಗ್ಗುತ್ತವೆ ಎಂದು ದಿನಾ ಬೆಳಿಗ್ಗೆ ಎದ್ದಕೂಡಲೇ ಶುರುಮಾಡುತ್ತಿದ್ದ.

“ಬೆರಳು ಬೀಳ್ಲಿ, ಆಮೇಲೆ ಹೋಗೀಯಂತೆ,” ಎನ್ನುತ್ತಿದ್ದೆ ನಾನು.

“ಯಾವಾಗ ಬೀಳ್ತೈತೆ?”

“ಗೆರೆ ಮೂಡಿದ ಮೇಲೆ.”

“ಗೆರೆ ಯಾವಾಗ ಮೂಡ್ತೈತೆ?”

ಶಾಲೆಗೆ ಹೊರಡುವ ಮೊದಲು ಬಟ್ಟೆ ಬಿಚ್ಚಿ ನೋಡುವುದು ನನ್ನ ಕೆಲಸವಾಗಿತ್ತು. ಕಪ್ಪು ಎಲ್ಲಿ ಮುಗಿಯುತ್ತದೆ, ಚರ್ಮದ ಬಣ್ಣ ಎಲ್ಲಿ ಶುರುವಾಗುತ್ತದೆ ಎಂದು ಕಿಟಕಿಯ ಬೆಳಕಿಗೆ ಅವನ ಪಾದ ಹಿಡಿದು ನೋಡುತ್ತಿದ್ದೆ. ನಡುವೆ ಕೆಂಪೂ ಅಲ್ಲದ ನೇರಳೆಯೂ ಅಲ್ಲದ ಒಂದು ಅಂಚು. ಒಂದು ದಿನ ಅದು ಸ್ಪಷ್ಟವಾದಂತೆ ಕಾಣುತ್ತಿತ್ತು, ಮರುದಿನ ಕಲಸಿಹೋದಂತೆ. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ನಾನು ಪಾಠಕ್ಕೆ ತಯಾರಿ ಮಾಡಿಕೊಂಡೇ ಹೋಗುವ ಹೆಂಗಸು, ಯಾವುದೇ ಕೆಲಸವಾದರೂ ಇಷ್ಟು ಮಾಡಿದರೆ ಇಷ್ಟಾಗುತ್ತದೆ ಎಂದು ಗೊತ್ತಿರಬೇಕು ನನಗೆ. ಇಲ್ಲಿ ಏನೂ ಮಾಡದೆ ಇರುವುದೇ ಚಿಕಿತ್ಸೆ. ಕೈಕಟ್ಟಿಕೊಂಡು ಕೂರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಅದೇ ಸಮಯಕ್ಕೆ ಒಂಬತ್ತನೇ ತರಗತಿಗೆ ಅಂಗಾಂಶದ ಪಾಠವನ್ನು ಮತ್ತೊಮ್ಮೆ ಓದಿಸುತ್ತಿದ್ದೆ. ಒಂದೇ ಕೆಲಸ ಮಾಡುವ ಜೀವಕೋಶಗಳು ಗುಂಪಾಗಿ ಸೇರಿದರೆ ಅಂಗಾಂಶ. ಸ್ನಾಯು, ನರ, ರಕ್ತ, ಎಲ್ಲದಕ್ಕೂ ಚಿತ್ರವಿದೆ. ಅದು ಸತ್ತರೆ ಏನಾಗುತ್ತದೆ ಎಂದು ಪುಸ್ತಕದಲ್ಲಿ ಇಲ್ಲ. ನಾನು ಬೇರೆ ಕಡೆ ಹುಡುಕಿ ಓದಿದೆ. ನೆಕ್ರೋಸಿಸ್ ಎಂಬುದು ಗ್ರೀಕ್ ಭಾಷೆಯಲ್ಲಿ ಹೆಣ ಎನ್ನುವ ಪದದಿಂದ ಬಂದದ್ದಂತೆ. ಜೀವಕೋಶಗಳು ತಾವಾಗಿಯೇ ಲೆಕ್ಕವಿಟ್ಟು ಸಾಯುವುದೂ ಉಂಟು. ಗೊದಮೊಟ್ಟೆಯ ಬಾಲ ಕರಗಿ ಕಪ್ಪೆಯಾಗುವುದು ಹಾಗೆ, ಹೊಟ್ಟೆಯೊಳಗಿನ ಕೂಸಿನ ಬೆರಳುಗಳು ಬಿಡಿಬಿಡಿಯಾಗುವುದು ಹಾಗೆ. ಅದು ಮೈ ತನಗೆ ತಾನೇ ಮಾಡಿಕೊಳ್ಳುವ ಕೆಲಸ. ನೆಕ್ರೋಸಿಸ್ ಹಾಗಲ್ಲ, ಅದು ಹೊರಗಿನಿಂದ ಬಂದೆರಗುವ ಸಾವು. ಓದಿ ಮುಗಿಸಿ ಮೊಬೈಲು ಪಕ್ಕಕ್ಕಿಟ್ಟೆ. ಇಷ್ಟು ತಿಳಿದುಕೊಂಡು ಅಪ್ಪನ ಬೆರಳಿಗೆ ನಾನು ಮಾಡಬಹುದಾದ್ದು ಮಾತ್ರ ಮೊದಲಿನಷ್ಟೇ ಇತ್ತು.

ನೋಡಲು ಬಂದ ನೆಂಟರಂತೂ ಒಬ್ಬೊಬ್ಬರು ಒಂದೊಂದು ಔಷಧಿ ಹಿಡಿದುಕೊಂಡೇ ಬಂದರು. ರಾಮಗಿರಿ ಕಡೆಯ ಒಬ್ಬರು ಯಾವುದೋ ಸೊಪ್ಪಿನ ರಸ ತಂದರು, ಇನ್ನೊಬ್ಬರು ಸುಟ್ಟ ಅರಿಶಿನ. ಹಚ್ಚಬೇಡಿ, ಒದ್ದೆಯಾಗಬಾರದು ಎಂದು ನಾನು ಬಾಗಿಲಲ್ಲೇ ಹೇಳಿಬಿಡುತ್ತಿದ್ದೆ. ಓದಿದ ಮಗಳಿಗೆ ಬಹಳ ಸೊಕ್ಕು ಎಂದು ಮಾತಾಡಿಕೊಂಡರಂತೆ. ಮಾತಾಡಿಕೊಳ್ಳಲಿ. ಅಪ್ಪ ಮಾತ್ರ ನನ್ನ ಪರವಾಗಿಯೇ ಇದ್ದ. “ಡಾಕ್ಟ್ರು ಹೇಳ್ಯಾರೆ, ಏನೂ ಹಚ್ಚಂಗಿಲ್ಲ. ಅದು ಉದುರೋ ಬೆರಳು,” ಎಂದು ಅವರಿಗೆ ತಾನೇ ತಿಳಿಸಿ ಹೇಳುತ್ತಿದ್ದ. ನೋಡಿ ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದಾನೆ ಎಂದು ನಾನು ಮನೆಯವರ ಹತ್ತಿರ ಹೇಳಿದೆ.

ಕೂತು ಕೂತು ಅವನಿಗೆ ಬೇಜಾರು ಎಂದು ಅಮ್ಮ ಹಟ್ಟಿಗೆ ಹೋಗಿ ಬರುವಾಗ ಒಂದು ಚೀಲ ಉಣ್ಣೆ, ಅವನ ಕದಿರು ತಂದಳು. ನಮ್ಮಲ್ಲಿ ಗಂಡಸರು ಕುರಿ ಹಿಂದೆ ನಡೆಯುತ್ತಲೇ ನೂಲುತ್ತಾರೆ. ಕಂಕುಳಲ್ಲಿ ಕೋಲು, ಎಡಗೈಯಲ್ಲಿ ಉಣ್ಣೆ, ಬಲಗೈಯಿಂದ ತಿರುಗುವ ಕದಿರು. ಅಪ್ಪ ನಮ್ಮ ವೆರಾಂಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲೆ ಚಾಚಿ, ದಿನವೆಲ್ಲ ನೂಲತೊಡಗಿದ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಮಂದೆಯ ಮಾತು ಕಡಿಮೆಯಾಯಿತು. ಆ ಉಣ್ಣೆ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಒಂದು ನೆಮ್ಮದಿ.

ನಮ್ಮ ಶಾಲೆಯಲ್ಲಿ ಆಗ ಪರೀಕ್ಷೆ ಶುರುವಾಯಿತು. ನಾನು ಬೆಳಿಗ್ಗೆ ಬೇಗ ಹೊರಡಬೇಕಿತ್ತು. “ನೀನು ಓಡಾಡ್ಬ್ಯಾಡ, ನಾನೂ ನಿಮ್ಮವ್ವನೂ ಬಟ್ಟೆ ಕಟ್ಕಂತೀವಿ,” ಅಂದ ಅಪ್ಪ. ಅಮ್ಮ ಒಣ ಬಟ್ಟೆ ಸುತ್ತುವುದನ್ನು ನನ್ನಷ್ಟೇ ಚೆನ್ನಾಗಿ ಕಲಿತಿದ್ದಳು. ಸಂಜೆ ಬಂದು ಕೇಳಿದರೆ ಇಬ್ಬರೂ ಒಂದೇ ಉತ್ತರ ಹೇಳುತ್ತಿದ್ದರು: ಗೆರೆ ಚೆನ್ನಾಗಿ ಮೂಡುತ್ತಿದೆ. ಅಮ್ಮನ ಮುಖದಲ್ಲಿ ನಗು ಕೂಡ ಇತ್ತು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ನಾನು ಚಿಕ್ಕವಳಿದ್ದಾಗ ಅಪ್ಪ ಕುರಿಗಳ ಮೈಮೇಲಿನ ನರುಲಿಗೆ, ಜೋತುಬಿದ್ದ ಗಂಟಿಗೆ, ನಾಯಿ ಹರಿದು ನೇತಾಡುವ ಕಿವಿಯ ತುದಿಗೆ ಉಣ್ಣೆದಾರ ಕಟ್ಟುತ್ತಿದ್ದ. ಬುಡಕ್ಕೆ ದಾರ ಸುತ್ತಿ ಬಿಗಿದು ಬಿಟ್ಟರೆ ಮುಗಿಯಿತು. ಕುರಿ ಮೇಯ್ದುಕೊಂಡಿರುತ್ತದೆ, ದಾರದ ಆಚೆಯದು ರಕ್ತವಿಲ್ಲದೆ ಕಪ್ಪಾಗುತ್ತದೆ, ಒಣಗುತ್ತದೆ, ಒಂದು ದಿನ ಎಲ್ಲೋ ಉದುರುತ್ತದೆ. ಒಂದು ಹನಿ ರಕ್ತ ಬರುವುದಿಲ್ಲ. ಕುರಿಯ ತಲೆ ಹಿಡಿದುಕೊಳ್ಳುವುದು ನನ್ನ ಕೆಲಸ, ಗಂಟು ಬಿಗಿಯುವುದು ಅಮ್ಮನ ಕೆಲಸ. ಅಪ್ಪನ ಬೆರಳುಗಳು ದಪ್ಪ, ಅಮ್ಮನ ಗಂಟು ಜಾರುತ್ತಿರಲಿಲ್ಲ. ಒಮ್ಮೆ ಕುರಿ ರೊಪ್ಪದಲ್ಲಿ ಉದುರಿ ಬಿದ್ದಿದ್ದ ಒಂದು ಒಣ ನರುಲಿಯನ್ನು ನಾನು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡು ಶಾಲೆಗೆ ಹೋಗಿ, ಪಕ್ಕದ ಹುಡುಗಿಯನ್ನು ಹೆದರಿಸಿ, ಮೇಷ್ಟರಿಂದ ಒದೆ ತಿಂದಿದ್ದೆ. ಸತ್ತ ಅಂಗಾಂಶವನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ಆವತ್ತು.

ಅಪ್ಪನಿಗೆ ಡಾಕ್ಟರು ಹೇಳಿದ್ದು ಇದೇ ಕೆಲಸದ ಹಾಗೆ ಕೇಳಿಸಿತ್ತು. ರಕ್ತವಿಲ್ಲ, ಸತ್ತಿದೆ, ಕಪ್ಪಾಗಿ ಒಣಗಿದೆ, ಗೆರೆ ಮೂಡುತ್ತದೆ, ಉದುರುತ್ತದೆ. ಅವನು ಆಸ್ಪತ್ರೆಯಲ್ಲಿ ತಲೆಯಾಡಿಸಿದ್ದು ಧೈರ್ಯದಿಂದಲ್ಲ, ಗುರುತು ಸಿಕ್ಕಿತು ಎಂದು. ಒಂದೇ ಒಂದು ಅವನಿಗೆ ಸರಿಕಾಣಲಿಲ್ಲ: ದಾರವೇ ಇಲ್ಲದೆ ಗೆರೆ ಎಲ್ಲಿಂದ ಮೂಡಬೇಕು?

ಪರೀಕ್ಷೆಯ ಕೊನೆಯ ದಿನ ಮಧ್ಯಾಹ್ನ ನಾನು ಮನೆಗೆ ಬಂದಾಗ ಕದಿರು ನೆಲದ ಮೇಲಿತ್ತು. ಅಪ್ಪ ಮಂಚದಲ್ಲಿ ಮುದುರಿಕೊಂಡು ಮಲಗಿದ್ದ, ಬೇಸಿಗೆಯ ಬಿಸಿಲಿನಲ್ಲಿ ಕಂಬಳಿ ಹೊದ್ದು. ಹಣೆ ಮುಟ್ಟಿದರೆ ಸುಡುತ್ತಿತ್ತು. ಕಂಬಳಿ ತೆಗೆದೆ. ವಾಸನೆ ಮೊದಲು ಬಂತು. ಆ ವಾಸನೆಯನ್ನು ನಾನು ವಿವರಿಸುವುದಿಲ್ಲ, ಅದು ಗೊತ್ತಿರುವವರಿಗೆ ಬೇಕಿಲ್ಲ, ಗೊತ್ತಿಲ್ಲದವರಿಗೆ ಬೇಡ.

ಬಟ್ಟೆ ಬಿಚ್ಚಿದೆ. ಪಾದ ಊದಿ ಮಿಂಚುತ್ತಿತ್ತು. ಕಪ್ಪು ಬೆರಳಿನ ಬುಡದಲ್ಲಿ, ಕಪ್ಪಿನ ಈಚೆಗೆ, ಇನ್ನೂ ಜೀವವಿದ್ದ ಚರ್ಮದೊಳಗೆ ಹೂತುಹೋಗಿ ಒಂದು ಕಂದು ದಾರ. ಸುತ್ತಲೂ ನೀರು, ಕೀವು. ಅಲ್ಲಿಂದ ಕೆಂಪು ಗೀರೊಂದು ಕಾಲಿನ ಹರಡಿನ ಮೇಲಕ್ಕೆ ಹತ್ತುತ್ತಿತ್ತು. ಕುರಿಗೆ ಕಟ್ಟುವಾಗಲೂ ಸತ್ತ ಕಡೆ ಕಟ್ಟುವುದಿಲ್ಲ, ಬದುಕಿರುವ ಬುಡಕ್ಕೇ ಕಟ್ಟುತ್ತಾರೆ. ಕುರಿಯಾದರೆ ಒದ್ದಾಡುತ್ತದೆ, ಬಿಗಿ ಹೆಚ್ಚಾಯಿತು ಎಂದು ಗೊತ್ತಾಗುತ್ತದೆ. ಅಪ್ಪನ ಕಾಲು ಒದ್ದಾಡಲಿಲ್ಲ.

“ಏನ್ ಮಾಡ್ಕಂಡಿದ್ದೀಯಪ್ಪ ಇದು?” ಎಂದೆ.

ಅವನು ಕಣ್ಣು ಬಿಟ್ಟ. “ಗೆರೆ ಮೂಡೈತೆ ನೋಡು,” ಅಂದ.

ಮನೆಯವರು ಪಕ್ಕದವರ ಕಾರು ತಂದರು. ಹೊಳಲ್ಕೆರೆಯವರೆಗೆ ಎಲ್ಲೂ ನಿಲ್ಲಿಸಲಿಲ್ಲ, ಅಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ರೈಲು ಒಂದೊಂದೇ ಡಬ್ಬಿ ಎಳೆದುಕೊಂಡು ಹೋಗುವುದನ್ನು ನೋಡುತ್ತಾ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಇಳಿದು ಅದನ್ನು ತಳ್ಳಬೇಕು ಅನ್ನಿಸಿತು. ಹಿಂದಿನ ಸೀಟಿನಲ್ಲಿ ಅಪ್ಪನ ತಲೆ ಅಮ್ಮನ ತೊಡೆಯ ಮೇಲಿತ್ತು, ಜ್ವರದಲ್ಲಿ ಅವನು ಅಣ್ಣನಿಗೆ ಬೇಲಿಯ ಬಲೆ ಬಿಗಿ ಮಾಡೋ ಎಂದು ಹೇಳುತ್ತಿದ್ದ.

ಡಾಕ್ಟರು ದಾರ ಕತ್ತರಿಸಿ ಒಂದು ಉಕ್ಕಿನ ತಟ್ಟೆಗೆ ಹಾಕಿದರು. ಎಷ್ಟು ಚಿಕ್ಕದು. ಯಾರು ಕಟ್ಟಿದ್ದು ಎಂದು ಕೇಳಿದಾಗ ಅಪ್ಪ ಆ ಜ್ವರದಲ್ಲೂ “ನಾನೇ” ಅಂದ. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನನ್ನನ್ನು ಹೊರಗೆ ಕರೆದು, ಇದು ಹಸಿ ಗ್ಯಾಂಗ್ರೀನ್ ಆಗಿದೆ, ಸೋಂಕು ಮೇಲೆ ಹತ್ತುತ್ತಿದೆ, ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ಜೀವ ಉಳಿಯುವುದು ಕಷ್ಟ ಎಂದರು. ಪಾದ ಮಾತ್ರ ಆಗುವುದಿಲ್ಲವೇ, ಅರ್ಧ ಪಾದ ಆಗುವುದಿಲ್ಲವೇ ಎಂದು ನಾನು ತರಕಾರಿ ಚೌಕಾಸಿ ಮಾಡಿದ ಹಾಗೆ ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಗಾಯ ಮಾಯಲು ರಕ್ತ ಸಿಗುವ ಜಾಗದಲ್ಲೇ ಕತ್ತರಿಸಬೇಕು, ಆ ಜಾಗ ಅಲ್ಲಿದೆ ಅಂದರು.

“ಈ ದಾರ ಕಟ್ಟದೆ ಇದ್ದಿದ್ರೆ?” ಎಂದು ಕೇಳಿದೆ.

“ಉಳೀಬಹುದಿತ್ತು. ದಾರ ಇಲ್ಲದೆಯೂ ಹೀಗಾಗಬಹುದಿತ್ತು. ಹೇಳಕ್ಕಾಗಲ್ಲ,” ಅಂದರು.

ಹೇಳಕ್ಕಾಗಲ್ಲ ಎನ್ನುವ ಮಾತಿಗಿಂತ ಕೆಟ್ಟ ಮಾತನ್ನು ನಾನು ಕೇಳಿಲ್ಲ. ಹೌದು ಎಂದಿದ್ದರೆ ಸಿಟ್ಟು ಮಾಡಬಹುದಿತ್ತು, ಇಲ್ಲ ಎಂದಿದ್ದರೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ಎರಡೂ ಇಲ್ಲದೆ ಕಾರಿಡಾರಿನ ಬೆಂಚಿಗೆ ಬಂದು ಕೂತೆ. ಅಮ್ಮ ಅಲ್ಲಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ.

“ನಾನು ಬಿಗಿದಿದ್ದು,” ಅಂದಳು. “ಅವ್ನು ಸುತ್ತಿಟ್ಟ. ಗಂಟು ನಂದು.”

ನಾನು ಅವಳ ಕಡೆ ತಿರುಗಿದೆ.

“ಬಿಗಿ ಆತೇನೋ ಅಂತ ಕೇಳ್ದೆ. ಏನೂ ಗೊತ್ತಾಗಲ್ಲ, ಇನ್ನೊಂದು ಸುತ್ತು ಹಾಕು ಅಂದ. ಹಾಕ್ದೆ. ಯಾವ ಕುರಿಗೂ ಹಿಂಗಾಗಿದ್ದಿಲ್ಲ ಕಣಮ್ಮ.”

ಅವಳ ಮೇಲೆ ರೇಗಬೇಕು ಎಂದು ಬಾಯಿ ತೆರೆದೆ. ನನ್ನ ಸಿಟ್ಟು ನನಗೆ ಯಾವತ್ತೂ ಕೈಕೊಟ್ಟಿರಲಿಲ್ಲ, ಆವತ್ತು ಕೊಟ್ಟಿತು. ಕುರಿಯ ಮೈಯಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ ಅಮ್ಮ, ದಾರದ ಈಚೆಗಿನ ಚರ್ಮ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ, ಅಪ್ಪನ ಕಾಲಿನಲ್ಲಿ ಅದೇ ಇರಲಿಲ್ಲ ಎಂದು ಅವಳಿಗೆ ವಿವರಿಸಬಹುದಿತ್ತು. ಪಾಠ ಮಾಡುವುದಷ್ಟೇ ನನಗೆ ಬರುವುದು. ಅದನ್ನು ಅವಳಿಗೆ ಹೇಳಿ ಏನು ಮಾಡಲಿ? ಅವಳ ಕೈ ಹಿಡಿದುಕೊಂಡೆ. ಆ ಬೆರಳುಗಳು ತಣ್ಣಗಿದ್ದವು. ಒಳಗೆ ಅಪ್ಪನನ್ನು ಕರೆದುಕೊಂಡು ಹೋಗುವ ಸದ್ದು ಕೇಳಿತು.

ಕಾಲು ಹೋಯಿತು, ಅಪ್ಪ ಉಳಿದ. ಎಲ್ಲರೂ ಹಾಗೆಯೇ ಹೇಳಿದರು, ಪುಣ್ಯ, ಜೀವ ಉಳಿಯಿತು ಎಂದು. ನಾನೂ ಬಂದವರಿಗೆಲ್ಲ ಅದನ್ನೇ ಹೇಳಿದೆ. ಅಣ್ಣ ತೋಟದಲ್ಲಿ ಮಂದೆ ಬಿಟ್ಟು ಬಂದು, ಬಲೆ ಬಿಗಿಯಾಗಿ ಕಟ್ಟಿದ್ದೆ, ಒಂದು ಮರಿಯೂ ಹೋಗಲಿಲ್ಲ ಎಂದು ಅಪ್ಪನಿಗೆ ವರದಿ ಒಪ್ಪಿಸಿದ. ಅಪ್ಪ ಕೇಳಿಸಿಕೊಂಡು, ಆಯಿತು ಬಿಡು, ಇನ್ನು ನೀನೇ ನೋಡ್ಕೋ ಅಂದ. ಅಣ್ಣ ಹೊರಗೆ ಹೋಗಿ ಬೈಕಿನ ಮೇಲೆ ಸುಮ್ಮನೆ ಕೂತುಬಿಟ್ಟ. ಬೈಸಿಕೊಳ್ಳಲೆಂದೇ ಬಂದಿದ್ದ ಪಾಪ.

ಮನೆಗೆ ಬಂದ ಮೇಲೆ ಹೊಸದೊಂದು ಶುರುವಾಯಿತು. ಇದ್ದಷ್ಟು ವರ್ಷ ಮುಳ್ಳು ಚುಚ್ಚಿದರೂ ಕೆಂಡ ಮುಟ್ಟಿದರೂ ತುಟಿಪಿಟಕ್ಕೆನ್ನದ ಕಾಲು, ಹೋದ ಮೇಲೆ ನೋಯತೊಡಗಿತು. ಒಂದು ಸಂಜೆ ಅಪ್ಪ ಮಂಚದಲ್ಲಿ ಕೂತವನು ಹಲ್ಲು ಕಚ್ಚಿ, “ಬಿಗೀತೈತೆ,” ಅಂದ. ಎಲ್ಲಿ ಎಂದರೆ, “ಕಿರುಬೆರಳು. ದಾರ ಕಟ್ಟಿದ್ ಜಾಗ.” ಬ್ಯಾಂಡೇಜು ಮೊಣಕಾಲಿನ ಕೆಳಗೇ ಮುಗಿದಿತ್ತು. ಅಲ್ಲಿಂದಾಚೆಗೆ ಬರೀ ಚಾದರ.

ಡಾಕ್ಟರನ್ನು ಕೇಳಿದೆ. ಕಾಲು ಹೋದರೂ ಮಿದುಳಿನಲ್ಲಿ ಆ ಕಾಲಿನ ಜಾಗ ಇರುತ್ತದೆ, ಎಷ್ಟೋ ಜನರಿಗೆ ಹೀಗಾಗುತ್ತದೆ, ನೋವು ಸುಳ್ಳಲ್ಲ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತು, ಬಿಗಿ ಪೂರ್ತಿ ಹೋಗಲಿಲ್ಲ. ಕಾಲನ್ನು ಕತ್ತರಿಸಬಹುದು, ದಾರವನ್ನು ತಟ್ಟೆಗೆ ಹಾಕಬಹುದು. ಇದನ್ನು ಏನು ಮಾಡುವುದು? ಸತ್ತ ಅಂಗಾಂಶಕ್ಕೆ ಒಂದು ಹೆಸರಿತ್ತು, ಹೆಸರು ಹಿಡಿದುಕೊಂಡಾದರೂ ಓಡಾಡಿದ್ದೆ. ಇದರ ಮುಂದೆ ಬರಿಗೈ.

ಅಮ್ಮ ಒಂದು ಸಂಜೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದು ಮಂಚದ ಕಾಲುದೆಸೆಯಲ್ಲಿ ಕೂತಳು. ಚಾದರ ಚಪ್ಪಟೆಯಾಗಿದ್ದ ಜಾಗದಲ್ಲಿ, ಪಾದ ಇರಬೇಕಿದ್ದ ಕಡೆ, ಎರಡೂ ಕೈ ಚಾಚಿ ಬೆರಳುಗಳನ್ನು ಆಡಿಸತೊಡಗಿದಳು. ಉಗುರಿನ ತುದಿಯಿಂದ ಗಂಟು ಸಡಿಲಿಸುವವರ ಕೈ ಅದು. ಒಂದು ಸುತ್ತು ಬಿಚ್ಚಿದಳು, ತಡೆದು, ಇನ್ನೊಂದು ಸುತ್ತು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದವಳು ಪೆನ್ನು ಹಿಡಿದುಕೊಂಡೇ ನೋಡಿದೆ.

“ಕಾಲೇ ಇಲ್ಲ, ಏನ್ ಬಿಚ್ತೀಯೇ?” ಅಂದ ಅಪ್ಪ.

“ಕಟ್ಟಿದ್ದು ನಾನು. ನೀನು ಸುಮ್ಕಿರು,” ಅಂದಳು ಅಮ್ಮ.

ಅವಳು ಬಿಚ್ಚಿ ಮುಗಿಸಿ, ಆ ಇಲ್ಲದ ದಾರವನ್ನು ಮಂಚದ ಪಕ್ಕಕ್ಕೆ ಬಿಸಾಕಿ, ಅವನ ಮುಖ ನೋಡಿದಳು. ಅಪ್ಪ ಚಾದರದ ಆ ಚಪ್ಪಟೆ ಜಾಗ ನೋಡಿದ. ಆಮೇಲೆ ಉದ್ದಕ್ಕೆ ಉಸಿರು ಬಿಟ್ಟು, “ಹೂಂ, ಸಡ್ಲಾತು,” ಅಂದ. ಅಮ್ಮನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಎದ್ದು ಅನ್ನಕ್ಕಿಡಲು ಹೋದಳು. ನನಗೆ ಎದೆಯ ಮೇಲಿನ ಕಲ್ಲೊಂದು ಇಳಿದಂತಾಯಿತು. ಮಿದುಳನ್ನು ಹೀಗೂ ಒಪ್ಪಿಸಬಹುದು ಎಂದು ಎಲ್ಲೋ ಓದಿದ್ದೆ, ಇಲ್ಲಿ ಅಮ್ಮ ಮಾಡಿಯೇ ತೋರಿಸಿದಳಲ್ಲ ಎಂದು.

ಅಂದಿನಿಂದ ದಿನಾ ಸಂಜೆ ಅವಳು ಬಂದು ಕೂರುತ್ತಾಳೆ, ಬಿಚ್ಚುತ್ತಾಳೆ, ಅವನು ಸಡಿಲವಾಯಿತು ಎನ್ನುತ್ತಾನೆ. ಮೊನ್ನೆಯೂ ಹಾಗೆಯೇ ಆಯಿತು. ಅವಳು ಒಳಗೆ ಹೋದ ಮೇಲೆ ನಾನು ಮಂಚದ ಹತ್ತಿರ ಹೋಗಿ, “ಅವ್ವ ಬಿಚ್ಚಿದ್ ಮೇಲೆ ಎಷ್ಟು ಹೊತ್ತು ಆರಾಮಿರ್ತೈತೆ?” ಎಂದು ಕೇಳಿದೆ. ಡಾಕ್ಟರಿಗೆ ಹೇಳಬೇಕು ಎಂದುಕೊಂಡಿದ್ದೆ.

ಅಪ್ಪ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಮಂಚದ ಚೌಕಟ್ಟನ್ನು ಹಿಡಿದಿದ್ದ ಅವನ ಕೈಯ ಗೆಣ್ಣುಗಳು ಬೆಳ್ಳಗಾಗಿದ್ದವು.

“ಒಂದಿನಾನೂ ಸಡ್ಲ ಆಗಿಲ್ಲ ಕಣಮ್ಮ,” ಅಂದ ಮೆಲ್ಲಗೆ. “ಹಂಗೇ ಐತೆ. ಅವ್ಳಿಗೆ ಹೇಳ್ಬ್ಯಾಡ.”

ಒಳಗಿನಿಂದ ಅಮ್ಮ, “ಈಗ ಹೆಂಗೈತೆ?” ಎಂದು ಕೂಗಿ ಕೇಳಿದಳು.

“ಆರಾಮೈತೆ,” ಅಂದ ಅಪ್ಪ. ನಾನೂ ಹೌದು ಎಂದೆ.